ಮಳೆಗಾಲದ ಎಣಿಕೆ

ನಾನು ಸುಳ್ಳು ಹೇಳಿದೆ. ಬಾಯಿ ತಪ್ಪಿ ಬಂದದ್ದಲ್ಲ, ಯಾರೋ ಒತ್ತಾಯ ಮಾಡಿ ಹೇಳಿಸಿದ್ದೂ ಅಲ್ಲ. "ಅಲ್ಲಿ ಯಾವಾಗಲೂ ಇಷ್ಟೇ ಜನ ಸರ್" — ಇಷ್ಟೇ ನಾನು ಆಡಿದ ಮಾತು. ಆ ಮಾತಿನಿಂದ ಒಂದು ಪೇಟೆಯ ನಡುವೆ ಎರಡಾಳೆತ್ತರದ ಗೋಡೆ ಎದ್ದಿತು. ಗೋಡೆಯ ಒಂದು ಕಡೆ ಬಂದರು, ಇನ್ನೊಂದು ಕಡೆ ಮೀನುಪೇಟೆ. ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಈ ಕಡೆಯಿಂದ ಆ ಕಡೆಗೆ ನಡೆಯುತ್ತಿದ್ದ ದಾರಿ ಈಗ ಇಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಹೊನ್ನಾವರದಿಂದ ಭಟ್ಕಳಕ್ಕೆ ಹೋಗುವವರು ಆ ಫ್ಲೈಓವರ್ ಮೇಲೆ ಹೋಗಿಯೇ ಹೋಗಿರುತ್ತಾರೆ. ಇಳಿಜಾರಿನಲ್ಲಿ ಬಲಗಡೆ ಬೋಟುಗಳ ಕಂಬಗಳು ಕಾಣುತ್ತವೆ, ಗಾಳಿ ಚೆನ್ನಾಗಿರುತ್ತದೆ, ವಾಹನ ಎಲ್ಲಿಯೂ ನಿಲ್ಲಬೇಕಾಗಿಲ್ಲ. ಒಳ್ಳೆಯ ರಸ್ತೆ ಅಂತ ಎಲ್ಲರೂ ಹೇಳುತ್ತಾರೆ. ನನ್ನೆದುರಿಗೇ ಹೇಳಿದ್ದಾರೆ. ನಾನು ತಲೆಯಾಡಿಸಿದ್ದೇನೆ.

ನಾನು ಹೆದ್ದಾರಿ ವಿನ್ಯಾಸ ಮಾಡುವ ಎಂಜಿನಿಯರು. ಹೆಸರು ಗಣಪತಿ, ಊರು ಕುಮಟೆ. ಒಂಬತ್ತು ವರ್ಷದ ಹಿಂದೆ ಆ ಪೇಟೆಯ ಹಳೆಯ ರಸ್ತೆಯನ್ನು ನೇರ ಮಾಡಿ, ಸ್ವಲ್ಪ ಕಡಲ ಕಡೆಗೆ ಸರಿಸಿ, ಪೇಟೆಯ ಮೇಲೆ ಫ್ಲೈಓವರ್ ಹಾಯಿಸುವ ಕೆಲಸ ನಮ್ಮ ಕಂಪನಿಗೆ ಬಂತು. ಸರಿಸಿದ ಗೆರೆ ಬಂದರಿಗೂ ಮೀನುಪೇಟೆಗೂ ನಡುವೆ ಹಾಯಿತು. ಅದು ತಪ್ಪಲ್ಲ, ಬೇರೆ ಕಡೆ ಹಾಯಿಸಿದ್ದರೆ ಸಾಲು ಸಾಲು ಮನೆ ಹೋಗುತ್ತಿದ್ದವು. ತಪ್ಪು ಆಮೇಲಿನದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಏನೆಂದು ನಿಮಗೆ ತಿಳಿಯುವುದಿಲ್ಲ. ಫ್ಲೈಓವರ್ ಪೂರ್ತಿ ಕಂಬಗಳ ಮೇಲೆ ನಿಲ್ಲುವುದಿಲ್ಲ. ನಡುವೆ ಕಂಬ, ಎರಡು ತುದಿಗೆ ಮಣ್ಣು. ರಸ್ತೆ ನೆಲಕ್ಕೆ ಇಳಿಯುತ್ತ ಬಂದಾಗ ಎರಡು ಬದಿಗೆ ಕಾಂಕ್ರೀಟ್ ಗೋಡೆ ಕಟ್ಟಿ ಒಳಗೆ ಮಣ್ಣು ತುಂಬುತ್ತಾರೆ. ಕಂಬ ಇರುವಲ್ಲಿ ಅಡಿಗೆ ಜನ ಓಡಾಡಬಹುದು, ಮೀನು ಮಾರಬಹುದು, ರಿಕ್ಷಾ ನಿಲ್ಲಿಸಬಹುದು. ಗೋಡೆ ಇರುವಲ್ಲಿ ನಾಯಿಯೂ ದಾಟಲಾರದು. ಕಂಬ ಎಲ್ಲಿಗೆ ಮುಗಿಯಬೇಕು, ಮಣ್ಣು ಎಲ್ಲಿಂದ ಶುರುವಾಗಬೇಕು — ಇದನ್ನು ನಿರ್ಧರಿಸಲು ಆ ಜಾಗದಲ್ಲಿ ದಿನಕ್ಕೆ ಎಷ್ಟು ಜನ ಅಡ್ಡ ದಾಟುತ್ತಾರೆ ಎಂದು ಕೂತು ಎಣಿಸುತ್ತಾರೆ. ಜನ ಹೆಚ್ಚಿದ್ದರೆ ಕಂಬ, ಇಲ್ಲದಿದ್ದರೆ ಗೋಡೆ.

ನಾವು ಎಣಿಸಿದ್ದು ಜುಲೈನಲ್ಲಿ.

ಕರಾವಳಿಯವರು ಇಷ್ಟು ಓದುವಾಗಲೇ ಹಣೆ ಚಚ್ಚಿಕೊಂಡಿರುತ್ತಾರೆ. ಜೂನ್, ಜುಲೈ ಎರಡು ತಿಂಗಳು ಬೋಟು ಕಡಲಿಗೆ ಇಳಿಯುವುದಿಲ್ಲ, ಸರಕಾರದ್ದೇ ನಿಷೇಧ ಇದೆ. ಬಂದರಿನಲ್ಲಿ ಬೋಟುಗಳನ್ನು ಮೇಲೆಳೆದು ತಾಡಪಾಲು ಹೊದಿಸಿ ಇಟ್ಟಿರುತ್ತಾರೆ. ಬಲೆ ರಿಪೇರಿ ನಡೆಯುತ್ತಿರುತ್ತದೆ. ಮೀನು ಇಲ್ಲ ಎಂದಮೇಲೆ ಮೀನು ಹೊರುವವರು ಎಲ್ಲಿಂದ ಬರಬೇಕು? ಎರಡು ಮೂರು ಹೆಂಗಸರು ಬೇಸಗೆಯಲ್ಲಿ ಒಣಗಿಸಿಟ್ಟ ಮೀನು ಹೊತ್ತು ಹೋಗುತ್ತಾರೆ, ಅಷ್ಟೇ. ಅದೇ ದಾರಿಯಲ್ಲಿ ಸೆಪ್ಟೆಂಬರಿನ ಬೆಳಿಗ್ಗೆ ನಿಂತರೆ ಬುಟ್ಟಿಗಳ ಸಾಲು ಕಡಿಯುವುದಿಲ್ಲ.

ತಂಡದಲ್ಲಿ ಉಳಿದವರಿಗೆ ಇದು ಗೊತ್ತಿರಲಿಲ್ಲ. ಪ್ರಶಾಂತ ದಾವಣಗೆರೆಯವನು, ಮುಖ್ಯಸ್ಥರಾದ ಮೂರ್ತಿ ಸರ್ ಮೈಸೂರು ಕಡೆಯವರು. ಅವರಿಗೆ ಮಳೆಗಾಲ ಅಂದರೆ ಮಳೆ. ನನಗೆ ಗೊತ್ತಿತ್ತು. ನನಗೆ ಎಷ್ಟು ಗೊತ್ತಿತ್ತೆಂದರೆ — ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಅವ್ವ ಎರಡು ಹೊತ್ತು ಗಂಜಿಯೇ ಮಾಡುತ್ತಿದ್ದಳು. ನನ್ನ ಅವ್ವ ನಾಗವೇಣಿ ಕುಮಟೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಅಪ್ಪ ಬೇರೆಯವರ ಬೋಟಿಗೆ ಹೋಗುತ್ತಿದ್ದ. ನಾನು ಓದಿದ್ದು, ಉಂಡದ್ದು, ಕಾಲೇಜಿಗೆ ಹಾಕಿಕೊಂಡು ಹೋದ ಪ್ಯಾಂಟು, ಎಲ್ಲ ಬಂಗಡೆ-ತಾರ್ಲೆ ಮೀನು ಮಾರಿದ ದುಡ್ಡಿನದ್ದು.

ಆಫೀಸಿನಲ್ಲಿ ನಾನು ಇದನ್ನು ಹೇಳಿರಲಿಲ್ಲ. "ಕುಮಟೆಯಲ್ಲಿ ನಮ್ಮದು ವ್ಯಾಪಾರ" ಅನ್ನುತ್ತಿದ್ದೆ. ಸುಳ್ಳೇನಲ್ಲವಲ್ಲ, ಮೀನು ಮಾರುವುದೂ ವ್ಯಾಪಾರವೇ — ಹೀಗೆಂದುಕೊಂಡು ನನ್ನಷ್ಟಕ್ಕೆ ನಗುತ್ತಲೂ ಇದ್ದೆ. ಥೂ, ಎಂಥ ನಗು ಅದು! ಸರ್ವೆಗೆ ಹೋಗುವಾಗ ಬಂದರು ಹತ್ತಿರ ಬಂದರೆ ಜೀಪಿನಲ್ಲಿದ್ದವರೆಲ್ಲ ಗಾಜು ಏರಿಸುತ್ತಿದ್ದರು. ನಾನೂ ಏರಿಸುತ್ತಿದ್ದೆ. ಒಂದು ದಿನ ಎಲ್ಲರಿಗಿಂತ ಮೊದಲು ಏರಿಸಿದ್ದು ನಾನೇ, ಮೂಗಿಗೆ ಕರ್ಚೀಫು ಹಿಡಿದದ್ದೂ ಹೌದು. ಯಾರೂ ಕೇಳಿರಲಿಲ್ಲ, ಯಾರೂ ನನ್ನನ್ನು ಅನುಮಾನಿಸಿರಲಿಲ್ಲ. ಆದರೂ ನಾನು ಅಷ್ಟು ಹುಷಾರಾಗಿದ್ದೆ.

ಎಣಿಕೆಯ ದಿನ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಒಂದು ಮುಚ್ಚಿದ ಅಂಗಡಿಯ ಜಗಲಿಯಲ್ಲಿ ನಾನೂ ಪ್ರಶಾಂತನೂ ಫಾರ್ಮು ಹಿಡಿದು ಕೂತಿದ್ದೆವು. ಒಬ್ಬರು ದಾಟಿದರೆ ಒಂದು ಗೀಟು. ಗೀಟುಗಳು ಬಹಳ ಬೀಳಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಬಂದರಿನ ಕಡೆಯಿಂದ ಒಬ್ಬಳು ಮಳೆಗೆ ತಲೆಯಿಂದ ಬೆನ್ನಿನವರೆಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು, ತಲೆಯ ಮೇಲೆ ಒಣಮೀನಿನ ಬುಟ್ಟಿ ಇಟ್ಟುಕೊಂಡು ಬಂದಳು. ನಡಿಗೆಯಿಂದಲೇ ನನಗೆ ಗುರುತು ಸಿಕ್ಕಿತು. ಮಾದೇವಿ ಚಿಕ್ಕಿ. ನನ್ನ ಅವ್ವನಿಗೆ ಚಿಕ್ಕಪ್ಪನ ಮಗಳು. ಆ ಊರು ಅವ್ವನ ತವರು. ರಜೆಗೆ ಹೋದಾಗ ಈ ಚಿಕ್ಕಿಯೇ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು ತೋರಿಸಿದವಳು. ಬುಟ್ಟಿ ತಲೆಯ ಮೇಲೆ, ನಾನು ಸೊಂಟದ ಮೇಲೆ.

ಅವಳಿಗೂ ನನ್ನ ಗುರುತು ಸಿಕ್ಕಿತು. ದಾರಿಯ ನಡುವೆಯೇ ನಿಂತಳು.

"ಹೋಯ್! ನಾಗವೇಣಿ ಮಗ ಅಲ್ದಾ ನೀನು? ಗಣಪೂ!"

ನಾನು ಫಾರ್ಮು ನೋಡಿದೆ. ಫಾರ್ಮಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಆದರೂ ನೋಡಿದೆ.

"ಯಾರ್ರೀ ಅದು? ನಿಮ್ಮನ್ನೇ ಕರೀತಿದಾರೆ" ಅಂದ ಪ್ರಶಾಂತ.

"ಗೊತ್ತಿಲ್ಲಪ್ಪ. ಬೇರೆ ಯಾರೋ ಅಂದ್ಕೊಂಡಿರ್ಬೇಕು" ಅಂದೆ.

ದೊಡ್ಡದಾಗಿಯೇ ಅಂದೆ. ಅವಳಿಗೆ ಕೇಳಲಿ, ಕೇಳಿ ಹೋಗಲಿ ಎಂದೇ ದೊಡ್ಡದಾಗಿ ಅಂದೆ. ಅವಳು ಹೋಗಲಿಲ್ಲ. ಕೊಪ್ಪೆಯ ಅಡಿಯಿಂದ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಜಗಲಿಯ ಹತ್ತಿರ ಬಂದು, ನನ್ನನ್ನು ಬಿಟ್ಟು ಪ್ರಶಾಂತನನ್ನು ಕೇಳಿದಳು: "ಎಂತ ಬರೀತ್ರಿ ನೀವು?"

"ಈ ದಾರೀಲಿ ಎಷ್ಟು ಜನ ದಾಟ್ತಾರೆ ಅಂತ ಎಣಿಸ್ತಿದೀವಿ ಅಮ್ಮ. ಇಲ್ಲಿ ಸೇತುವೆ ಬರತ್ತೆ."

ಅವಳು ನಕ್ಕುಬಿಟ್ಟಳು. "ಅಯ್ಯ ಮಾರಾಯಾ, ಈಗ ಎಣಿಸೂಕೆ ಕೂತ್ರೆ ಎಂತ ಸಿಕ್ತದೆ? ಬೋಟೆಲ್ಲ ಮೇನೆ ಹತ್ತಿ ಮನಗ್ಯವೆ. ಆಗಸ್ಟ್ ದಾಟ್ಲಿ, ಆಗ ಬನ್ನಿ. ನಿಮ್ಗೆ ಬರೂಕೆ ಕೈ ಸಾಲ್ದು!"

ನಮ್ಮ ಕಡೆಯ ಮಾತು, ಅದೂ ಅವಳ ಓಟದ ಮಾತು. ಪ್ರಶಾಂತನಿಗೆ ಅರ್ಧವೂ ತಿಳಿಯಲಿಲ್ಲ. "ಏನಂತೆ?" ಎಂದು ನನ್ನ ಕಡೆ ತಿರುಗಿದ. ಅವಳೂ ನನ್ನ ಕಡೆಗೇ ನೋಡಿದಳು — ಇವನು ಹೇಳುತ್ತಾನೆ ಬಿಡು ಎನ್ನುವ ಹಾಗೆ. ಗುರುತು ಇಲ್ಲ ಅಂದವನ ಮೇಲೆ ಆಗಲೂ ಅವಳಿಗೆ ಅಷ್ಟು ನಂಬಿಕೆ ಇತ್ತು.

"ಏನಿಲ್ಲ, ಮಳೆ ಜಾಸ್ತಿ ಆಯ್ತು ಅಂತಿದಾರೆ" ಅಂದೆ.

ಅವಳು ಬುಟ್ಟಿ ಸರಿಮಾಡಿಕೊಂಡು ಪೇಟೆಯ ಕಡೆಗೆ ಹೋದಳು. ನಾನು ಅವಳಿಗೂ ಒಂದು ಗೀಟು ಹಾಕಿದೆ.

ಇಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಇಲ್ಲಿಯವರೆಗೆ ಆದದ್ದು ಒಬ್ಬ ಹೇಡಿಯ ಸಣ್ಣತನ. ಒಂದು ವಾರ ಕಳೆದು ಆಫೀಸಿನಲ್ಲಿ ಮೀಟಿಂಗ್ ಆಯಿತು. ಮೇಜಿನ ಮೇಲೆ ನಕ್ಷೆ ಹಾಸಿತ್ತು. ಮೊದಲಿನ ನಕ್ಷೆಯಲ್ಲಿ ಕಂಬಗಳು ಬಂದರಿನ ದಾರಿ ದಾಟಿ ಆಚೆಯವರೆಗೂ ಇದ್ದವು. ಎಣಿಕೆ ನೋಡಿದರೆ ಅಷ್ಟು ದೂರ ಕಂಬ ಬೇಕಾಗಿಲ್ಲ, ಮೊದಲೇ ಮುಗಿಸಿ ಮಣ್ಣು ತುಂಬಬಹುದು. ಮೂರ್ತಿ ಸರ್ ಕನ್ನಡಕ ಮೇಲೆ ಮಾಡಿ ಫಾರ್ಮು ನೋಡಿದರು, ಎರಡು ಸಲ ನೋಡಿದರು. ಒಳ್ಳೆಯ ಮನುಷ್ಯ. ಕೆಲಸ ಬಲ್ಲವರು. ಬಂದರಿನ ಪಕ್ಕದ ದಾರಿ ಇಷ್ಟು ಖಾಲಿ ಹೇಗೆ ಎಂದು ಅವರ ಮನಸ್ಸಿಗೆ ತಟ್ಟಿರಬೇಕು.

"ಗಣಪತಿ, ನೀವು ಇದೇ ಕಡೆಯವರಲ್ವಾ? ಈ ಸಂಖ್ಯೆ ಸರಿಯಾಗಿದ್ಯಾ? ಅನುಮಾನ ಇದ್ರೆ ಹೇಳಿ, ಮಳೆ ನಿಂತ ಮೇಲೆ ಇನ್ನೊಂದ್ಸಲ ಎಣಿಸೋಣ. ಅವಸರ ಏನಿಲ್ಲ, ನಾನು ಮೇಲೆ ಮಾತಾಡ್ತೀನಿ."

ಬಾಗಿಲು ಅವರೇ ತೆರೆದಿಟ್ಟರು. ನಾನು ಬರೇ ಹೌದು ಅನ್ನಬೇಕಿತ್ತು. ಒಂದೇ ಒಂದು ಸಲ — "ಹೌದು ಸರ್, ಇದು ನಿಷೇಧದ ತಿಂಗಳು" — ಅಷ್ಟೇ. ಅಷ್ಟಕ್ಕೆ ಅವ್ವನ ಹೆಸರೂ ಹೇಳಬೇಕಾಗಿರಲಿಲ್ಲ. ಕರಾವಳಿಯ ಯಾವ ಮನುಷ್ಯನಾದರೂ ಅದನ್ನು ಹೇಳಬಹುದಿತ್ತು.

ಆದರೆ ನನ್ನ ಕಣ್ಣೆದುರು ಬಂದದ್ದು ಸೆಪ್ಟೆಂಬರಿನ ಆ ಜಗಲಿ. ನಾನು ಮತ್ತೆ ಅಲ್ಲಿ ಕೂತಿದ್ದೇನೆ, ಪ್ರಶಾಂತ ಪಕ್ಕದಲ್ಲಿದ್ದಾನೆ. ಸಾಲಾಗಿ ಬರುತ್ತಿದ್ದಾರೆ — ಮಾದೇವಿ ಚಿಕ್ಕಿ, ಅವಳ ನಾದಿನಿ, ಅವ್ವನ ಜೊತೆ ಆಡಿ ಬೆಳೆದವರು, ಒಬ್ಬೊಬ್ಬರೂ ಬುಟ್ಟಿ ಹೊತ್ತು, ಸೀರೆ ಎತ್ತಿಕಟ್ಟಿ, ಮೈಮೇಲೆ ಉಪ್ಪುನೀರು ಸೋರಿಸಿಕೊಂಡು. ಒಬ್ಬೊಬ್ಬರೂ ನಿಂತು, ಹೋಯ್, ನಾಗವೇಣಿ ಮಗ ಅಲ್ದಾ... ಒಬ್ಬಳನ್ನು ಗೊತ್ತಿಲ್ಲ ಅನ್ನಬಹುದು. ಇಡೀ ಸಾಲನ್ನು ಗೊತ್ತಿಲ್ಲ ಅನ್ನುವುದು ಹೇಗೆ?

"ಬೇಡ ಸರ್. ಅಲ್ಲಿ ಯಾವಾಗಲೂ ಇಷ್ಟೇ ಜನ ಸರ್" ಅಂದೆ.

"ಸರಿ ಹಾಗಾದ್ರೆ. ಊರಿನವರೇ ಹೇಳಿದ ಮೇಲೆ" ಅಂದರು ಅವರು. ಫಾರ್ಮಿನಲ್ಲಿ ಕೊನೆಗೆ ಒಂದು ಸಾಲು ಖಾಲಿ ಇರುತ್ತದೆ — ಎಣಿಕೆಯ ಸಮಯದ ಪರಿಸ್ಥಿತಿ ಹೇಗಿತ್ತು ಎಂದು ಬರೆಯಲು. 'ಸಾಮಾನ್ಯ' ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ಕಂಬಗಳನ್ನು ಮೊಟಕು ಮಾಡಿ ಬಂದರಿನ ದಾರಿಗೆ ಅಡ್ಡಲಾಗಿ ಗೋಡೆಯ ಗೆರೆ ಎಳೆದವನೂ ನಾನೇ. ಕಂಪ್ಯೂಟರಿನಲ್ಲಿ ಅದಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ.

ಫ್ಲೈಓವರ್ ಮುಗಿದ ವರ್ಷ ಅವ್ವ ತವರಿಗೆ ಮದುವೆಗೆಂದು ಹೋಗಿದ್ದಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳಿಗೆ, ಕಂಡಕ್ಟರಿಗೆ, ಎಲ್ಲರಿಗೂ "ಈ ಸೇತುವೆ ನನ್ನ ಮಗ ಮಾಡದ್ದು" ಎಂದು ಹೇಳಿದಳಂತೆ. ಕಂಡಕ್ಟರು ತಮಾಷೆಗೆ, ಹಾಗಾದರೆ ನಿಮಗೆ ಟಿಕೆಟ್ಟಿಲ್ಲ ಬಿಡಿ ಅಂದನಂತೆ. ಅವತ್ತು ಸಂಜೆ ಫೋನು ಮಾಡಿದಳು. ದನಿ ಸ್ವಲ್ಪ ಇಳಿದಿತ್ತು.

"ತಮಾ, ಅಲ್ಲಿ ಮಾದೇವಿಗೆ ದಾಟೂಕೆ ದಾರಿನೇ ಇಲ್ಯಲಾ? ಬಸ್‌ಸ್ಟ್ಯಾಂಡ್ ಬದಿಗೆ ಸುತ್ತಾಕಂಡು ಹೋಗ್ತರಂತೆ ಎಲ್ಲರೂ. ಬುಟ್ಟಿ ಹೊತ್ಕಂಡು ಅಷ್ಟು ದೂರ ಹೆಂಗಾ? ನೀನು ಹೇಳ್ಲಿಲ್ವಾ ಅವ್ರಿಗೆ?"

"ಹೇಳಿದೆ ಅವ್ವ. ಮೇಲಿನವರು ಕೇಳ್ಲಿಲ್ಲ."

"ಹೌದಾ... ಸಾಯ್ಲಿ ಅವು. ನೀನು ಬೇಜಾರು ಮಾಡ್ಕಬೇಡ" ಅಂದಳು. ನನಗೆ ಬೇಜಾರಾಗಬಾರದು ಎಂದು ನನ್ನ ಪರವಾಗಿ ಯಾರನ್ನೋ ಬೈದಳು. ಹೀಗೆ ಎರಡನೆಯ ಸುಳ್ಳೂ ಆಯಿತು, ಅದನ್ನು ಹೇಳಿದ್ದು ಅವ್ವನಿಗೆ.

ಮೀನು ಹೊತ್ತವರಿಗೆ ದೂರ ಅಂದರೆ ಬರೇ ಕಾಲುನೋವಲ್ಲ. ಬಂದರಿನಲ್ಲಿ ಹರಾಜಾದ ಮೀನು ಪೇಟೆಗೆ ಮೊದಲು ಮುಟ್ಟಿಸಿದವಳಿಗೆ ಗಿರಾಕಿ. ಸುತ್ತುಹಾಕಿ ಬರುವಷ್ಟರಲ್ಲಿ ಟೆಂಪೋದವರು ಐಸಿನ ಪೆಟ್ಟಿಗೆ ಇಳಿಸಿ ಅರ್ಧ ಮಾರಿ ಮುಗಿಸಿರುತ್ತಾರೆ. ಕೆಲವು ಹೆಂಗಸರು ಒಂದೇ ವರ್ಷದಲ್ಲಿ ಬುಟ್ಟಿ ಕೆಳಗಿಟ್ಟರು. ಮಾದೇವಿ ಚಿಕ್ಕಿ ಇಡಲಿಲ್ಲ. ಗೋಡೆ ಮುಗಿಯುವಲ್ಲಿ, ರಸ್ತೆ ನೆಲಕ್ಕೆ ಇಳಿಯುವಲ್ಲಿ, ಡಿವೈಡರಿನ ನಡುವೆ ಒಂದು ಸಂದು ಇತ್ತು. ಅಲ್ಲಿ ದಾಟಿದರೆ ಅರ್ಧ ದಾರಿ ಉಳಿಯುತ್ತದೆ. ತಲೆಯ ಮೇಲೆ ಬುಟ್ಟಿ ಇದ್ದವಳು ಕುತ್ತಿಗೆ ತಿರುಗಿಸಿ ವಾಹನ ನೋಡಲಾರಳು, ಮೈಯನ್ನೇ ತಿರುಗಿಸಬೇಕು. ಇಳಿಜಾರಿನಲ್ಲಿ ಬರುವ ಕಾರಿನವನಿಗೂ ಗೋಡೆಯ ಮರೆಯಿಂದ ಬರುವವಳು ಕಾಣುವುದಿಲ್ಲ. ಇಳಿಜಾರು ಎಷ್ಟಿರಬೇಕು, ಎಷ್ಟು ದೂರದಿಂದ ಏನು ಕಾಣಬೇಕು ಎಂದು ಲೆಕ್ಕ ಹಾಕಿದ್ದು ನಾನು. ಆ ಲೆಕ್ಕದಲ್ಲಿ ಬುಟ್ಟಿ ಹೊತ್ತವಳು ಇರಲೇ ಇಲ್ಲ.

ಒಂದು ಬೆಳಿಗ್ಗೆ ಆ ಸಂದಿನಲ್ಲಿ ದಾಟುವಾಗ ಕಾರು ಬಡಿದು ಚಿಕ್ಕಿಯ ಸೊಂಟದ ಮೂಳೆ ಮುರಿಯಿತು. ಮಂಗಳೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ನಡಿಗೆ ಉಳಿಯಲಿಲ್ಲ. "ಬಂಗಡೆ ಎಲ್ಲ ರಸ್ತೆ ಮೇಲೆ ಚೆಲ್ಲಿತ್ತಂತೆ ತಮಾ" ಎಂದು ಅವ್ವ ಫೋನಿನಲ್ಲಿ ಅತ್ತಳು. ನಾನು ನೋಡಲು ಹೋಗಲಿಲ್ಲ. ಕೆಲಸ ಇದೆ ಅಂದೆ. ಕೆಲಸ ಇದ್ದದ್ದೂ ನಿಜ, ಕೆಲಸ ಯಾವಾಗ ಇರುವುದಿಲ್ಲ ಹೇಳಿ.

ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಮೇಲಿನವರು ಕೇಳಲಿಲ್ಲ ಎಂದು ನಂಬಿಕೊಂಡೇ ಹೋದಳು. ಅವಳಿದ್ದಾಗ ಹೇಳಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ. ಇದ್ದಾಗ, ಇವಳು ಇರುವವರೆಗೆ ಹೇಗೆ ಹೇಳಲಿ ಎಂದು ಅನ್ನಿಸುತ್ತಿತ್ತು. ನನ್ನ ಮನಸ್ಸು ಇಂಥ ಲೆಕ್ಕಗಳಲ್ಲಿ ಬಹಳ ಚುರುಕು.

ಈ ವರ್ಷ ನನ್ನನ್ನೇ ತಂಡದ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ಕುಮಟೆಯ ಹತ್ತಿರ ಇನ್ನೊಂದು ಕಡೆ ರಸ್ತೆ ಸರಿಸುವ ಕೆಲಸ. ಸಹಿಗೆಂದು ಒಂದು ಫಾರ್ಮು ನನ್ನ ಮೇಜಿಗೆ ಬಂತು. ಜುಲೈ ತಿಂಗಳ ಎಣಿಕೆ, ಕೊನೆಯ ಸಾಲಿನಲ್ಲಿ 'ಸಾಮಾನ್ಯ'. ಬರೆದವರಿಗೆ ಗೊತ್ತಿರಲಿಲ್ಲ, ಪಾಪ, ಬಯಲುಸೀಮೆಯವರು. ನಾನು ಕೆಂಪು ಪೆನ್ನಿನಲ್ಲಿ ಹೊಡೆದು, ಇದು ಮೀನುಗಾರಿಕೆ ನಿಷೇಧದ ತಿಂಗಳು, ಬೋಟು ಇಳಿದ ಮೇಲೆ ಮತ್ತೆ ಎಣಿಸಿ ಎಂದು ಬರೆದು ಕಳಿಸಿದೆ. ಮೀಟಿಂಗಿನಲ್ಲಿ ಎಲ್ಲರೂ ಹೊಗಳಿದರು. "ಎಷ್ಟು ಸೂಕ್ಷ್ಮ ನೋಡಿ, ಊರು ಬಲ್ಲವರಿದ್ರೆ ಹೀಗೆ" ಅಂದರು. ಚಪ್ಪಾಳೆಯೂ ಬಿತ್ತು. ಆ ಚಪ್ಪಾಳೆ ಕೇಳಿ ನಾನು ಎದ್ದು ಹೊರಗೆ ಹೋದೆ. 

ಅವತ್ತೇ ಹೆದ್ದಾರಿ ಇಲಾಖೆಗೆ ಕಾಗದ ಬರೆದೆ. ಒಂಬತ್ತು ವರ್ಷದ ಹಿಂದಿನ ಎಣಿಕೆ ತಪ್ಪು, ತಪ್ಪೆಂದು ಗೊತ್ತಿದ್ದೂ ಸಹಿ ಹಾಕಿದ್ದೇನೆ, ಅಲ್ಲಿ ಗೋಡೆಯ ಅಡಿಯಿಂದ ನಡೆದು ಹೋಗುವಷ್ಟು ದಾರಿ ಮಾಡಬೇಕು. ಮಾಡಲು ಸಾಧ್ಯವಿದೆ, ಮೇಲೆ ವಾಹನ ಓಡುತ್ತಿರುವಾಗಲೇ ಅಡಿಯಲ್ಲಿ ಕಾಂಕ್ರೀಟಿನ ಪೆಟ್ಟಿಗೆ ತಳ್ಳಿ ದಾರಿ ಬಿಡಿಸುವ ವಿಧಾನ ಇದೆ. ನಕ್ಷೆಯನ್ನೂ ಮಾಡಿ ಇಟ್ಟೆ. ಉತ್ತರ ಬಂತು. ಈಗ ಅಲ್ಲಿ ಎಷ್ಟು ಜನ ದಾಟುತ್ತಾರೆ, ಹೊಸ ಎಣಿಕೆ ಕಳಿಸಿ ಎಂದಿತ್ತು. ನ್ಯಾಯವಾದ ಪ್ರಶ್ನೆಯೇ.

ಸೆಪ್ಟೆಂಬರಿನಲ್ಲಿ ರಜೆ ಹಾಕಿ ಹೋದೆ. ಈ ಸಲ ಒಬ್ಬನೇ. ಬಿಸಿಲು ಚೆನ್ನಾಗಿತ್ತು, ಬಂದರಿನ ತುಂಬ ಬೋಟು, ಮೀನು ರಾಶಿ ಬಿದ್ದಿತ್ತು. ಗೋಡೆಯ ತುದಿಯಲ್ಲಿ ಫಾರ್ಮು ಹಿಡಿದು ಬೆಳಿಗ್ಗೆಯಿಂದ ಕೂತೆ. ಗೀಟು ಬೀಳಲಿಲ್ಲ. ಬಿದ್ದದ್ದು ಆ ಜುಲೈನಲ್ಲಿ ಬಿದ್ದಷ್ಟೇ. ಇನ್ನೂ ಒಂದೆರಡು ಕಡಿಮೆಯೇ. ಬುಟ್ಟಿ ಹೊರುವವರೇ ಉಳಿದಿಲ್ಲ. ಮೀನೆಲ್ಲ ಟೆಂಪೋ ಹತ್ತಿ ಹೋಗುತ್ತಿತ್ತು. ನಾನು ಅವತ್ತು ಹೇಳಿದ ಸುಳ್ಳನ್ನು ಈ ಗೋಡೆ ನಿಜ ಮಾಡಿಬಿಟ್ಟಿತ್ತು! ಈಗ ಯಾರೇ ಬಂದು ಎಣಿಸಲಿ, ಎಷ್ಟೇ ಪ್ರಾಮಾಣಿಕವಾಗಿ ಎಣಿಸಲಿ, ಅಲ್ಲಿ ಯಾವಾಗಲೂ ಇಷ್ಟೇ ಜನ. ಹೀಗಾಗುತ್ತದೆಂದು ನಾನು ಎಣಿಸಿರಲಿಲ್ಲ, ಕನಸಿನಲ್ಲೂ.

ಫಾರ್ಮು ಮಡಚಿ ಕಿಸೆಗೆ ಹಾಕಿ, ಬಂದರಿನ ಕೇರಿಯಲ್ಲಿರುವ ಮಾದೇವಿ ಚಿಕ್ಕಿಯ ಮನೆಗೆ ಹೋದೆ. ಅಂಗಳದಲ್ಲಿ ಹಳೆಯ ಬಲೆಯ ಮೇಲೆ ಶೆಟ್ಲಿ, ಅಂದರೆ ಸಿಗಡಿ, ಒಣಹಾಕಿತ್ತು. ಅವಳು ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಕೈಯಲ್ಲೊಂದು ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಳು.

"ಚಿಕ್ಕಿ, ನಾನು ಗಣಪತಿ. ನಾಗವೇಣಿ ಮಗ" ಅಂದೆ.

"ಗುರ್ತ ಸಿಗ್ಲಿಲ್ಲ ಅಂತ ಮಾಡಿದ್ಯಾ? ಬಾ, ಕೂತ್ಕ. ಅವ್ವನ ಹಂಗೇ ಆಗಿದ್ಯಲಾ ಮುಖ." ಸೊಸೆಯನ್ನು ಕರೆದು ನೀರು ತರಿಸಿದಳು. ನಾನು ಮಾತು ಶುರುಮಾಡುವ ಮೊದಲೇ ಅವಳೇ ಹೇಳಿದಳು: "ಆವತ್ತು ಜಗಲಿ ಮೇನೆ ಕೂತಿದ್ದೆ ನೀನು. ನಿನ್ನ ಅವ್ವ ಆಮೇಲೆ ಕೇಳ್ದಳು, ನನ್ನ ಮಗ ನಿಮ್ಮೂರಿಗೆ ಬಂದಿದ್ನಂತಲ್ಲ, ಸಿಕ್ಕಿದ್ನಾ ಅಂತ. ಸಿಕ್ಕಿದ್ದ, ಮಾತಾಡ್ಸ್ದ, ಹೋಟ್ಲಿಗೆ ಕರ್ಕಂಡೋಗಿ ಚಾ ಕುಡ್ಸ್ದ ಅಂದೆ. ಎಷ್ಟು ಖುಷಿ ಆತು ಅವ್ಳಿಗೆ!"

ಅಲ್ಲಿಯವರೆಗೆ ನಾನು ಹೇಳಬೇಕೆಂದು ಜೋಡಿಸಿಕೊಂಡು ಹೋಗಿದ್ದೆಲ್ಲ ಚೆದುರಿ ಹೋಯಿತು. ಉಳಿದದ್ದನ್ನು ಹೇಗೆ ಹೇಳಿದೆನೋ ತಿಳಿಯದು. ಫಾರ್ಮು, ಮೀಟಿಂಗು, ಮೂರ್ತಿ ಸರ್ ಕೇಳಿದ್ದು, ನಾನು ಅಂದದ್ದು, ಗೋಡೆಯ ಗೆರೆ. ಅವಳ ಕೋಲು ನಿಂತಿತ್ತು. ಕಾಗೆ ಬಂದು ಶೆಟ್ಲಿಗೆ ಬಾಯಿ ಹಾಕಿದರೂ ಅವಳು ನೋಡಲಿಲ್ಲ.

"ಆಗಸ್ಟ್ ದಾಟ್ಲಿ, ಆಗ ಬನ್ನಿ ಅಂತ ನಾನು ಹೇಳಿದ್ದೆ."

"ಹೌದು ಚಿಕ್ಕಿ."

"ಕೇಳಿತ್ತಾ ನಿಂಗೆ?"

"ಕೇಳಿತ್ತು."

"ಆ ಹುಡ್ಗಂಗೆ ಹೇಳ್ಲಿಲ್ಲ ನೀನು."

"ಇಲ್ಲ."

"ನಾನು ಕರ್ದದ್ದಕ್ಕೆ ನಾಚ್ಕೆ ಆತಾ ತಮಾ?"

ಅದಕ್ಕೂ ಹೌದು ಅಂದೆ. ಅವಳು ಕೋಲೆತ್ತಿ ಕಾಗೆ ಓಡಿಸಿದಳು. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಗುರ್ತ ಇಲ್ಲ ಅಂದದ್ದು ಬಿಡು. ಅದು ನಂಗೊಬ್ಬಳಿಗೆ ಆದದ್ದು, ನಾನು ನುಂಗ್ಕಂಡೆ. ಇದು ನಂಗೊಬ್ಬಳಿಗೆ ಅಲ್ದಲಾ. ನುಂಗೂಕಾಗ್ದು." ಆಮೇಲೆ ಒಳಗೆ ತಿರುಗಿ ಸೊಸೆಗೆ ಹೇಳಿದಳು: "ಅನ್ನ ಬಡ್ಸು ಇಂವಂಗೆ. ನಾಗವೇಣಿ ಮಗ ನನ್ನ ಮನೆಯಿಂದ ಹಸ್ಕಂಡು ಹೋಗೂದು ಬ್ಯಾಡ."

ಉಂಡೆ. ಬಂಗಡೆ ಸಾರು, ಕೆಂಪಕ್ಕಿ ಅನ್ನ.  ಅವಳು ಬಾಗಿಲ ಕಡೆಯಿಂದ ನೋಡುತ್ತಿದ್ದಳು. ಕೈತೊಳೆದು ಹೊರಟಾಗ ಕೋಲೂರಿ ಎದ್ದು ನಿಂತಳು. ಸೊಂಟ ಒಂದು ಕಡೆ ಕುಸಿದು, ಆ ಬದಿಗೆ ವಾಲಿ ನಿಂತಿದ್ದಳು. ಕೋಲಿನಿಂದಲೇ ಗೋಡೆಯ ಕಡೆಗೆ ತೋರಿಸಿದಳು.

"ಇನ್ನು ಬರೂದಾದ್ರೆ ಅದ್ರ ಅಡಿಗೆ ದಾರಿ ಮಾಡ್ಸು. ಆ ದಾರಿಲೇ ನಡ್ಕಂಡು ಬಾ. ಅಲ್ಲೀವರೆಗೆ ಈ ಅಂಗಳ ಹತ್ತೂದು ಬ್ಯಾಡ."

ಎಣಿಕೆಯನ್ನು ಇಲಾಖೆಗೆ ಕಳಿಸಿದೆ, ಇದ್ದದ್ದು ಇದ್ದ ಹಾಗೆ. ಜೊತೆಗೆ ಆ ಎಣಿಕೆ ಯಾಕೆ ಅಷ್ಟು ಕಡಿಮೆ ಎನ್ನುವುದನ್ನೂ ಬರೆದೆ. ಈಗ ಅಂಕಿಗಳು ನನ್ನ ಮಾತಿಗೆ ಸಾಕ್ಷಿ ಹೇಳುವುದಿಲ್ಲ. ಅವು ನನ್ನ ಸುಳ್ಳಿನ ಕಡೆಗೆ ಹೋಗಿವೆ. ನನ್ನ ಹತ್ತಿರ ಉಳಿದಿರುವುದು ಈ ತಪ್ಪೊಪ್ಪಿಗೆಯೊಂದೇ, ಅದಕ್ಕೇ ಹೆಸರು ಹಾಕಿ ಇಲ್ಲಿ ಬರೆದಿದ್ದೇನೆ. ಓದಿದವರು ನನ್ನ ಕೆಲಸ ಕಿತ್ತುಕೊಂಡರೂ ಸರಿ, ಆ ದಾರಿಯ ಬಗ್ಗೆ ಎಲ್ಲಾದರೂ ಒಂದು ಮಾತು ಕೇಳಿ. ಇಲಾಖೆಯಿಂದ ಮರು ಉತ್ತರ ಬಂದಿಲ್ಲ. ಪ್ರತಿ ತಿಂಗಳೂ ಕಾಗದ ಹಾಕುತ್ತಿದ್ದೇನೆ, ಎರಡು ಸಲ ಕಚೇರಿಗೂ ಹೋಗಿ ಕೂತು ಬಂದೆ.

ಚಿಕ್ಕಿಯ ಮನೆಗೆ ಹೋಗಿಲ್ಲ.